ಭೀಮೆಯಿಂದ ಕೃಷ್ಣೆಯವರೆಗೆ ಪುಸ್ತಕದ ದಾರಿ

ವಿಜಯಪುರ ಜಿಲ್ಲೆಯ ನಕಾಶೆಯನ್ನು ಬಿಡಿಸಿ ನೋಡಿದರೆ ಬಡಗಣ ಅಂಚಿನಲ್ಲಿ ಭೀಮಾ ನದಿಯೂ ತೆಂಕಣ ಅಂಚಿನಲ್ಲಿ ಕೃಷ್ಣೆಯೂ ಕಾಣುತ್ತವೆ. ಇವೆರಡರ ನಡುವೆ, ಹರಿದ ವರ್ಷ ಓಣಿಯನ್ನೆಲ್ಲ ಕಾಳಿನಿಂದ ತುಂಬಿಸುವಳೆಂದು ಹೆಸರಾದ ಡೋಣಿ ಇದ್ದಾಳೆ. ಭೀಮೆಯ ಕಡೆಗೆ ಇಂಡಿ ಮತ್ತು ಸಿಂದಗಿ. ಕೃಷ್ಣೆಯ ಕಡೆಗೆ ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ. ಗೋಲಗುಮ್ಮಟವನ್ನು ನೋಡಲು ದೂರದೂರದಿಂದ ಬರುವ ಪ್ರವಾಸಿಗರು ಈ ನಾಲ್ಕು ಊರುಗಳತ್ತ ತಿರುಗುವುದು ಅಪರೂಪ. ಕಣ್ಣು ಹಾಯುವವರೆಗೆ ಎರೆಭೂಮಿ, ಬಿಳಿಜೋಳ, ತೊಗರಿ, ಇಂಡಿಯ ಸುತ್ತ ಲಿಂಬೆಯ ತೋಟ: ಇದು ಈ ಸೀಮೆಯ ಹೊರರೂಪ. ಆದರೆ ಇಲ್ಲಿ ಹೊಸದೊಂದು ಕಾದಂಬರಿಯನ್ನು ಹುಡುಕುತ್ತ ಊರಿಂದೂರಿಗೆ ಹೋಗುವವನಿಗೆ ಇದರ ಇನ್ನೊಂದು ರೂಪವೂ ಗೋಚರವಾಗುತ್ತದೆ.

ತಾಲೂಕಿನ ಊರಿನಲ್ಲಿ ಪುಸ್ತಕದಂಗಡಿ ಎಂದರೆ ಸಾಮಾನ್ಯವಾಗಿ ಬಸ್ ನಿಲ್ದಾಣದ ಆಸುಪಾಸಿನಲ್ಲಿಯೋ ಶಾಲೆಯ ಎದುರಿನಲ್ಲಿಯೋ ಇರುವ ಒಂದು ಬುಕ್ ಡಿಪೋ. ಮುಂದಿನ ಸಾಲಿನಲ್ಲಿ ವಹಿ, ಪೆನ್ನು, ಕಂಪಾಸ್ ಪೆಟ್ಟಿಗೆ. ಅದರ ಹಿಂದೆ ಪರೀಕ್ಷೆಯ ಗೈಡುಗಳು. ಯುಗಾದಿಯ ಹೊತ್ತಿಗೆ ಪಂಚಾಂಗದ ರಾಶಿ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಆಗುವ ವ್ಯಾಪಾರವೇ ವರ್ಷದ ಗಂಜಿ. ಕಥೆ, ಕಾದಂಬರಿ, ಆತ್ಮಕಥೆ, ವಿಚಾರಗ್ರಂಥಗಳಿಗೆ ಉಳಿಯುವುದು ಮೇಲಿನ ಕಪಾಟಿನ ಒಂದೋ ಎರಡೋ ಮೊಳ. ಲಂಡನ್, ನ್ಯೂಯಾರ್ಕುಗಳ ಸ್ವತಂತ್ರ ಪುಸ್ತಕದಂಗಡಿಗಳಲ್ಲಿ ಮಾರುವವರು ತಮಗೆ ಮೆಚ್ಚುಗೆಯಾದ ಪುಸ್ತಕದ ಕೆಳಗೆ ಕೈಬರಹದ ಚೀಟಿಯೊಂದನ್ನು ಅಂಟಿಸಿರುತ್ತಾರೆ. ಇಲ್ಲಿ ಅಂಥ ಚೀಟಿಯಿಲ್ಲ. ಅದರ ಕೆಲಸವನ್ನು ನಾಲಗೆಯೇ ಮಾಡಬೇಕು.

“ಸಾಹುಕಾರ್ರ, ಹೊಸಾದು ಏನರೆ ಬಂದೈತೇನ್ರಿ?”

“ಬಂದೈತ್ರಿ ಮಾಸ್ತರ್ರ. ಇದನ್ನ ಒಯ್ರಿ. ನಾ ಓದೀನಿ. ಹಿಡಸಲಿಲ್ಲಂದ್ರ ಹೊಳ್ಳಿ ತಂದ್ ಕೊಡ್ರಿ.”

ಇಂಥ ನಾಲ್ಕು ಮಾತಿನಲ್ಲಿ ಒಂದು ದೊಡ್ಡ ವ್ಯವಹಾರ ಅಡಗಿದೆ. ಅದರ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕಾದಂಬರಿಯ ಬೆಲೆ 200 ರೂಪಾಯಿ, ಅಂಗಡಿಯವನಿಗೆ ಕಮಿಷನ್ ನೂರಕ್ಕೆ 30 ಎಂದು ಹಿಡಿಯೋಣ. ಐದು ಪ್ರತಿಗಳನ್ನು ನಗದಿಗೆ ತರಿಸಿದರೆ 700 ರೂಪಾಯಿ ಕೈಬಿಟ್ಟಿತು. ನಾಲ್ಕು ಮಾರಿದರೆ ಬಂದದ್ದು 800. ಉಳಿದ ಲಾಭ 100. ಮೂರೇ ಮಾರಿದರೆ ಬಂದದ್ದು 600. ಅಂದರೆ 100 ರೂಪಾಯಿ ನಷ್ಟ. ಒಂದೇ ಒಂದು ಪ್ರತಿಯಿಂದ ಲಾಭ ಹಾನಿಯಾಗುತ್ತದೆ. ಪಠ್ಯಪುಸ್ತಕಕ್ಕೆ ಗಿರಾಕಿ ತಾನಾಗಿ ಬರುತ್ತಾನೆ. ಹೊಸ ಕಾದಂಬರಿಗೆ ಗಿರಾಕಿಯನ್ನು ಮಾಡಿಕೊಳ್ಳಬೇಕಾಗುತ್ತದೆ. ಆದುದರಿಂದ ‘ಇದನ್ನು ಓದಿರಿ’ ಎನ್ನುವವನು ಬರಿಯ ಅಭಿಪ್ರಾಯವನ್ನು ಹೇಳುತ್ತಿಲ್ಲ; ತನ್ನ ಪತವನ್ನೇ ಒತ್ತೆಯಿಡುತ್ತಿದ್ದಾನೆ. ಮಾತು ಒಮ್ಮೆ ಸುಳ್ಳಾದರೆ ಆ ಮಾಸ್ತರರು ಮರಳಿ ಕೇಳಲಾರರು.

ಈ ಪತದ ಕಥೆ ಇಂದಿನದಲ್ಲ. ಉತ್ತರ ಕರ್ನಾಟಕದಲ್ಲಿ ಕನ್ನಡ ಓದುವವರನ್ನು ಮೊದಲು ಹುಟ್ಟಿಸಿದವರು ಅಂಗಡಿಕಾರರಲ್ಲ, ಹೊತ್ತು ತಿರುಗಿದವರು. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ತಾವೇ ಬರೆದ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಮುಂಬಯಿ ಇಲಾಖೆಗೆ ಸೇರಿದ್ದ ಈ ಭಾಗದಲ್ಲಿ ಆಗ ಮರಾಠಿಯ ಪ್ರಾಬಲ್ಯವಿತ್ತು. ಕನ್ನಡದಲ್ಲಿ ಓದುವುದಕ್ಕೆ ಏನಿದೆ ಎಂದು ಕನ್ನಡಿಗರೇ ಕೇಳುತ್ತಿದ್ದ ಕಾಲವದು. ಮನೆಯ ಬಾಗಿಲಲ್ಲಿ ನಿಂತು, ಪುಸ್ತಕವನ್ನು ಕೈಗಿತ್ತು, ಕಥೆಯ ಸಾರವನ್ನು ಹೇಳಿ ಒಪ್ಪಿಸುವುದೇ ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರ.

ಬಳಿಕ ಆ ಗಂಟನ್ನು ಅಂಚೆಯವನು ಹೊತ್ತನು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿ ನಡೆಯಿತು. ವರ್ಷದ ಚಂದಾ ಕೊಟ್ಟವನಿಗೆ ಯಾವ ಪುಸ್ತಕ ಬರುವುದೆಂಬುದು ಮೊದಲೇ ತಿಳಿದಿರಲಿಲ್ಲ. ಮಾಲೆಯ ಹೆಸರೇ ಅವನಿಗೆ ಶಿಫಾರಸು. 1961ರಲ್ಲಿ ‘ಯಯಾತಿ’ ಹೊರಬಂದಾಗ ಗಿರೀಶ ಕಾರ್ನಾಡರೆಂಬ ತರುಣನ ಹೆಸರನ್ನು ಕೇಳಿದ್ದವರು ಕೆಲವರೇ. ಆದರೂ ಆ ನಾಟಕ ಹಳ್ಳಿಯ ಮಾಸ್ತರರ ಮನೆಯನ್ನೂ ಮುಟ್ಟಬಲ್ಲುದಾಗಿತ್ತು. ಏಕೆಂದರೆ ಓದುಗನು ನಂಬಿದ್ದು ಲೇಖಕನನ್ನಲ್ಲ, ಕಳಿಸುವವನನ್ನು.

ಭೀಮೆಯ ದಂಡೆಗೆ ಬಂದರೆ ಈ ನಂಬಿಕೆಯ ಬೇರು ಇನ್ನೂ ಆಳದಲ್ಲಿರುವುದು ಕಾಣುತ್ತದೆ. ಇಂಡಿಯ ಸಮೀಪದ ಸಾಲೋಟಗಿಯಲ್ಲಿ ದೊರೆತ ಕ್ರಿ.ಶ. 945ರ ಶಾಸನವು, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳಿದ್ದುವೆಂದೂ ಅದರಿಂದ ತಿಳಿದುಬರುತ್ತದೆ. ಊರಿನ ಹೆಸರಿನಲ್ಲಿಯೇ ಶಾಲೆ ಅಡಗಿದೆ. ಇದೇ ತಾಲೂಕಿನ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರು ‘ಶ್ರೀರಂಗ’ರೆಂಬ ಹೆಸರಿನಿಂದ ನಾಟಕ, ಕಾದಂಬರಿಗಳನ್ನು ಬರೆದು ಕನ್ನಡದ ರಂಗಭೂಮಿಯ ದಿಕ್ಕನ್ನೇ ತಿರುಗಿಸಿದರು.

ಹಿಂದೆ ಇಂಡಿ ತಾಲೂಕಿಗೆ ಸೇರಿ ಈಗ ಚಡಚಣ ತಾಲೂಕಿನಲ್ಲಿರುವ ಹಲಸಂಗಿಯದು ಇನ್ನೂ ಸೋಜಿಗದ ಕಥೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವನ್ನು ಹೊರತಂದರು. ಅಕ್ಷರ ಬಾರದ ತಾಯಂದಿರ ಬಾಯಿಂದ ಬಂದದ್ದು ಅಚ್ಚಾಗಿ ನಾಡಿನ ಪಂಡಿತರ ಕೈ ಸೇರಿತು. ಇಲ್ಲಿಯವರು ಪುಸ್ತಕಕ್ಕಾಗಿ ಹೊರಗೆ ನೋಡಿದ್ದುಂಟು. ಹೊರಗಿನವರು ಪುಸ್ತಕಕ್ಕಾಗಿ ಇತ್ತ ನೋಡಿದ್ದೂ ಉಂಟು.

ಇಂಡಿಗೆ ಹೆಸರಿಗೊಂದು ರೈಲು ನಿಲ್ದಾಣವಿದೆ. ಊರಿನಿಂದ ದೂರವಾದುದರಿಂದ ಅದು ‘ಇಂಡಿ ರೋಡ್’. ಬಾಗೇವಾಡಿಗೂ ಅಂಥದೇ ಒಂದು ‘ರೋಡ್’ ಉಂಟು. ಸಿಂದಗಿ, ಮುದ್ದೇಬಿಹಾಳಗಳಿಗೆ ಹಳಿಯೇ ಬಂದಿಲ್ಲ. ವಿಜಯಪುರದಿಂದ ಕಲಬುರಗಿಯ ದಾರಿಯಲ್ಲಿರುವ ಸಿಂದಗಿಗೆ ಪುಸ್ತಕದ ಗಂಟು ಬರುವುದು ಬಸ್ಸಿನಲ್ಲಿ ಅಥವಾ ಅಂಚೆಯಲ್ಲಿ. ಆದರೂ ಈ ಊರು ಬೇರೆಡೆಯಿಂದ ಬರುವುದನ್ನು ಕಾಯುತ್ತ ಕುಳಿತಿಲ್ಲ. ‘ನೆಲೆ ಪ್ರಕಾಶನ ಸಂಸ್ಥೆ’ಯ ಪುಸ್ತಕಗಳ ಮೇಲೆ ಪ್ರಕಾಶನದ ಸ್ಥಳವೆಂದು ಅಚ್ಚಾಗಿರುವುದು ಬೆಂಗಳೂರಲ್ಲ, ಸಿಂದಗಿ. ತಾಲೂಕಿನ ಊರಿನಲ್ಲಿ ಪ್ರಕಾಶಕನಾದವನು ಲೇಖಕನಿಗೆ ಗೆಳೆಯನೂ ಓದುಗನಿಗೆ ನೆರೆಯವನೂ ಆಗಿರುತ್ತಾನೆ. ಸಂತೆಯಲ್ಲಿ ಎದುರಾದವನು ‘ಆ ಪುಸ್ತಕ ಹೆಂಗೈತ್ರಿ?’ ಎಂದು ಕೇಳಿದರೆ ತಪ್ಪಿಸಿಕೊಳ್ಳುವಂತಿಲ್ಲ.

ಅಂಚೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಲೇಬೇಕು. ಮುದ್ರಿತ ಪುಸ್ತಕಗಳನ್ನು ರಿಯಾಯಿತಿ ದರದಲ್ಲಿ ರಿಜಿಸ್ಟರ್ ಮಾಡಿ ಕಳಿಸುವ ಹಳೆಯ ಸೌಲಭ್ಯವನ್ನು ಅಂಚೆ ಇಲಾಖೆಯು 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಸಣ್ಣ ಪ್ರಕಾಶಕರು ಕಂಗಾಲಾದರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಆರಂಭವಾಗಿ, 20 ರೂಪಾಯಿಯಿಂದ ಮೊದಲಾಗುವ ದರದಲ್ಲಿ ಪುಸ್ತಕಗಳನ್ನು ಕಳಿಸುವ ದಾರಿ ಮತ್ತೆ ತೆರೆಯಿತು. ರಾಜಧಾನಿಯ ಓದುಗನಿಗೆ ಇದು ಸಣ್ಣ ಸುದ್ದಿ. ಅಂಗಡಿಯಿಲ್ಲದ ಹಳ್ಳಿಯಲ್ಲಿ ಕುಳಿತು ಓದುವವನಿಗೆ ಪುಸ್ತಕದ ಬೆಲೆಯಷ್ಟೇ ಅದರ ಸಾಗಣೆಯ ಬೆಲೆಯೂ ಮುಖ್ಯವೆಂಬುದು ಇಲ್ಲಿ ಬಂದವನಿಗೆ ತಿಳಿಯುತ್ತದೆ.

ಡೋಣಿಯನ್ನು ದಾಟಿ ತೆಂಕಣಕ್ಕೆ ಇಳಿದರೆ ತಾಳಿಕೋಟಿ, ಮುದ್ದೇಬಿಹಾಳಗಳ ಸೀಮೆ. 1565ರ ಮಹಾಯುದ್ಧಕ್ಕೆ ತನ್ನ ಹೆಸರನ್ನು ಕೊಟ್ಟ ತಾಳಿಕೋಟಿಯು ಬಹುಕಾಲ ಮುದ್ದೇಬಿಹಾಳ ತಾಲೂಕಿನಲ್ಲಿಯೇ ಇದ್ದಿತು. ಈಗ ಅದೇ ಒಂದು ತಾಲೂಕು. ವಿಜಯನಗರದ ಪತನವನ್ನು ‘ಕನ್ನಡಿಗರ ಕರ್ಮಕಥೆ’ಯೆಂಬ ಕಾದಂಬರಿಯಾಗಿ ಮನೆಮನೆಗೆ ಮುಟ್ಟಿಸಿದವರು ಆ ಗಂಟು ಹೊತ್ತ ಗಳಗನಾಥರೇ.

ಆದರೆ ಮುದ್ದೇಬಿಹಾಳದ ಅಂಗಡಿಯವನು ಇಂದು ಕೈಗೆತ್ತಿ ಕೊಡಬಹುದಾದ ಪುಸ್ತಕ ಇನ್ನೊಂದಿದೆ. ಈ ಊರಿನಲ್ಲಿ 1956ರಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಪ್ರಕಟವಾಯಿತು. ಕನ್ನಡದ ಮೊದಲ ದಲಿತ ಆತ್ಮಕಥೆಯೆಂದು ಅದು ಹೆಸರಾಗಿದೆ. ಇಂಗ್ಲಿಷಿಗೂ ಹೋಗಿದೆ. ದೂರದ ವಿಶ್ವವಿದ್ಯಾಲಯಗಳಲ್ಲಿ ಅದನ್ನು ಓದುವವರಿಗೆ ಅದು ಒಂದು ಸಮಾಜದ ಚಿತ್ರ. ಹುಟ್ಟಿದೂರಿನಲ್ಲಿ ಅದನ್ನು ಓದುವವನಿಗೆ ತನ್ನದೇ ಕೇರಿ, ತನ್ನದೇ ಶಾಲೆ, ತನ್ನದೇ ಬಾವಿಕಟ್ಟೆಯ ವಿಚಾರಣೆ. ಇಂಥ ಪುಸ್ತಕವನ್ನು ಶಿಫಾರಸು ಮಾಡಲು ಲಾಭನಷ್ಟದ ಲೆಕ್ಕ ಸಾಲದು, ಎದೆಯೂ ಬೇಕು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ‘ಇದನ್ನು ಓದ್ರಿ’ ಎಂದವನು ಒಂದು ಪಕ್ಷವನ್ನು ಹಿಡಿದಂತೆಯೇ ಸರಿ. ಹಾಗೆ ಹೇಳುವವನೊಬ್ಬನಿದ್ದರೆ ಪುಸ್ತಕ ತನ್ನ ಮನೆಗೆ ಮರಳುತ್ತದೆ. ಇಲ್ಲದಿದ್ದರೆ ಜಗತ್ತನ್ನೆಲ್ಲ ಸುತ್ತಿಯೂ ಹುಟ್ಟಿದೂರಿಗೆ ಪರಸ್ಥಳದ್ದಾಗಿ ಉಳಿಯುತ್ತದೆ.

ಬಸವನ ಬಾಗೇವಾಡಿಯಲ್ಲಿ ಪುಸ್ತಕವೆಂದರೆ ಮೊದಲು ವಚನ. ಹನ್ನೆರಡನೆಯ ಶತಮಾನದ ಬಸವಣ್ಣನವರ ಜನ್ಮಸ್ಥಳವಾದ ಈ ಊರಿನಲ್ಲಿ ವಚನದ ಸಣ್ಣ ಗುಟಕಾ ಇಲ್ಲದ ಅಂಗಡಿ ದೊರೆಯಲಾರದು. ಆದರೆ ಇವೇ ವಚನಗಳು ನೂರು ವರ್ಷಗಳ ಹಿಂದೆ ಬಹುಮಟ್ಟಿಗೆ ಮಠಮನೆಗಳ ತಾಳೆಗರಿಯ ಕಟ್ಟುಗಳಲ್ಲಿ ಮಲಗಿದ್ದುವು. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಅವನ್ನು ಹುಡುಕಿ, ಪಾಠವನ್ನು ತಿದ್ದಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಇದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಸಂಶೋಧಕ, ಮುದ್ರಕ, ಪ್ರಕಾಶಕ, ಪ್ರಚಾರಕ ಎಲ್ಲವೂ ಒಬ್ಬರೇ ಆದ ಅಂಥವರ ಬಾಯಿಂದ ಬಂದ ‘ಇದು ಓದತಕ್ಕದ್ದು’ ಎಂಬ ಮಾತಿಗೆ ತೂಕವಿದ್ದುದು ಆಶ್ಚರ್ಯವಲ್ಲ.

ಇಂದು ಸ್ಥಿತಿ ಹೇಗಿದೆ? 1965ರ ಗ್ರಂಥಾಲಯ ಕಾಯಿದೆಯಿಂದ ಕರ್ನಾಟಕದಲ್ಲಿ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಸರ್ಕಾರವು ಗ್ರಂಥಾಲಯಗಳಿಗಾಗಿ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆ. ಇದು ದೊಡ್ಡ ಉಪಕಾರವೇ. ಆದರೆ ಸಗಟು ಖರೀದಿಯನ್ನೇ ನಂಬಿದ ಪ್ರಕಾಶಕನಿಗೆ ಓದುಗನ ಮುಖ ಮರೆತುಹೋಗುವ ಅಪಾಯವುಂಟು. ಕಪಾಟಿಗೆ ಸೇರಿದ ಪುಸ್ತಕವೆಲ್ಲ ಕೈಗೆ ಸೇರಿದಂತಾಗದು. ಇನ್ನು ಕೈಯೊಳಗಿನ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಯಾವ ಪುಸ್ತಕವಾದರೂ ಮನೆಬಾಗಿಲಿಗೆ ಬರುವ ಕಾಲವಿದು. ಬೆಲೆಯಲ್ಲಿ ರಿಯಾಯಿತಿಯೂ ದೊರೆಯುತ್ತದೆ. ಆದರೆ ಹೆಸರು ಗೊತ್ತಿದ್ದವನು ಮಾತ್ರ ಹುಡುಕಬಲ್ಲನು. ಹೆಸರನ್ನೇ ಕೇಳದ ಹೊಸ ಲೇಖಕನ ಪುಸ್ತಕವನ್ನು ತಾನಾಗಿ ಎತ್ತಿ ಕೊಡುವವನು, ಗಿರಾಕಿಯ ಮನಸ್ಸನ್ನು ಬಲ್ಲ ಆ ಬುಕ್ ಡಿಪೋದವನೇ. ಅವನು ಕಾದಂಬರಿಯ ಆ ಎರಡು ಮೊಳ ಜಾಗವನ್ನೂ ಗೈಡುಗಳಿಗೆ ಬಿಟ್ಟುಕೊಟ್ಟರೆ ಊರು ಅಂಗಡಿಯನ್ನು ಕಳೆದುಕೊಳ್ಳುವುದಿಲ್ಲ, ಸಲಹೆಗಾರನನ್ನು ಕಳೆದುಕೊಳ್ಳುತ್ತದೆ. ಅದು ಯಾರಿಗೂ ಕೂಡಲೇ ಗೊತ್ತಾಗುವುದೂ ಇಲ್ಲ.

ಶ್ರಾವಣದಲ್ಲಿ ಬಾಗೇವಾಡಿಯ ಜಾತ್ರೆ ನೆರೆದಾಗ ಬೆಂಡು ಬೆತ್ತಾಸು, ಬಳೆ, ಆಟಿಗೆಗಳ ಸಾಲಿನ ನಡುವೆ ಪುಸ್ತಕದ ಹಾಸೂ ಬೀಳುತ್ತದೆ. ವಚನ, ಪುರಾಣ, ತತ್ವಪದ, ಸಣ್ಣಾಟದ ಪುಸ್ತಕಗಳು ಮುಂದೆ, ಕಾದಂಬರಿಗಳು ಹಿಂದೆ. ಮುತ್ತೈದೆಯೊಬ್ಬಳು ಬಸವಪುರಾಣವನ್ನು ಕೊಳ್ಳುವಾಗ ಜೊತೆಗಿದ್ದ ಮಗಳ ಕಣ್ಣು ಹಿಂದಿನ ಸಾಲಿನತ್ತ ಹೊರಳಿದರೆ, ಬಲ್ಲ ಮಾರಾಟಗಾರನು ಸುಮ್ಮನಿರುವುದಿಲ್ಲ. “ತಂಗೀ, ಯಾನ ಓದ್ತಿ? ಇದ ನೋಡು,” ಎಂದು ಒಂದನ್ನು ಎತ್ತಿ ಕೊಡುತ್ತಾನೆ. ಕೊಂಡರೆ ಸಂತೋಷ, ಕೊಳ್ಳದಿದ್ದರೆ ಎರಡು ಪುಟ ಅಲ್ಲಿಯೇ ನಿಂತು ಓದಲು ಅಡ್ಡಿಯಿಲ್ಲ. ಯಾರಾದರೂ ತನ್ನಲ್ಲಿಲ್ಲದ ಪುಸ್ತಕವನ್ನು ಕೇಳಿದರೆ ಅದರ ಹೆಸರನ್ನು ಚೀಟಿಯಲ್ಲಿ ಬರೆದು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಾನೆ. ಜಾತ್ರೆ ಮುಗಿದು ಹಾಸನ್ನು ಸುತ್ತುವಾಗ ಅವನ ಗಲ್ಲೆಯಲ್ಲಿ ಎಷ್ಟು ಹಣ ಸೇರಿದೆ ಎಂಬುದು ಒಂದು ಲೆಕ್ಕ. ಕಿಸೆಯಲ್ಲಿ ಎಷ್ಟು ಚೀಟಿಗಳಿವೆ ಎಂಬುದು ಇನ್ನೊಂದು. ಮುಂದಿನ ವರ್ಷ ಯಾವ ಪುಸ್ತಕಗಳು ಮುಂದಿನ ಸಾಲಿಗೆ ಬರಬೇಕೆಂಬುದನ್ನು ತಿಳಿಸುವುದು ಆ ಚೀಟಿಗಳೇ.