ಗುಬ್ಬಿಗೆ ಹಾಫ್, ಕುಣಿಗಲ್‌ಗೆ ಫುಲ್

ತುಮಕೂರಿನ ಬಸ್ಸಿನಲ್ಲಿ ‘ಗುಬ್ಬಿಗೆ ಒಂದು ಹಾಫ್’ ಎಂದರೆ ಜೊತೆಗೊಂದು ಮಗುವಿದೆ ಎಂದರ್ಥ. ಅಮಾನಿಕೆರೆ ಏರಿಯ ಮೇಲೆ ಬೆಳಗಿನ ಐದೂವರೆಗೆ ಅದೇ ಮಾತು ಕಿವಿಗೆ ಬಿದ್ದರೆ ಅಲ್ಲಿ ಮಗುವೂ ಇಲ್ಲ, ಟಿಕೆಟ್ಟೂ ಇಲ್ಲ. ಐವತ್ತರ ಆಸುಪಾಸಿನ, ಮಂಡಿಗೆ ಕಪ್ಪು ಪಟ್ಟಿ ಬಿಗಿದುಕೊಂಡ ನಾಲ್ಕೈದು ಸಂಸಾರಸ್ಥರಿದ್ದಾರೆ. ಹಾಫ್ ಮ್ಯಾರಥಾನ್ ಎಂದರೆ 21 ಕಿಲೋಮೀಟರ್, ಮೇಲೆ 97 ಮೀಟರ್ ಚಿಲ್ಲರೆ. ತುಮಕೂರಿನಿಂದ ಗುಬ್ಬಿಗೆ ಸುಮಾರು 20. ಊರೊಳಗೆ ಒಂದು ಸುತ್ತು ಹಾಕಿದರೆ ಲೆಕ್ಕ ಚುಕ್ತಾ. ಕುಣಿಗಲ್ 36-37 ಬರುತ್ತದೆ. ಫುಲ್‌ಗೆ ಐದಾರು ಸಾಲದು; ಅದನ್ನು ಅಲ್ಲಿನ ದೊಡ್ಡಕೆರೆಯ ಏರಿ ಮೇಲೆ ಅತ್ತಿಂದಿತ್ತ ಅಲೆದು ತುಂಬಿಸಿಕೊಳ್ಳಬೇಕು.

ಪೂರ್ತಿ ಮ್ಯಾರಥಾನಿನ 42.195 ಎಂಬ ಕೊಸರು ಲೆಕ್ಕ 1908ರ ಲಂಡನ್ ಒಲಿಂಪಿಕ್ಸಿನದು. ಓಟ ವಿಂಡ್ಸರ್ ಅರಮನೆಯಿಂದ ಹೊರಟು, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದೆದುರು ಮುಗಿಯಲಿ ಎಂದು ಗೆರೆ ಎಳೆದರು. 1921ರಲ್ಲಿ ಅದನ್ನೇ ಖಾಯಂ ಮಾಡಿದರು. ಸಂತೆಯಲ್ಲಿ ಬದನೆಕಾಯಿಗೆ ಕೊಸರು ಕೊಡಿ ಎಂದು ನಾವು ಗೋಗರೆಯುತ್ತೇವೆ. ಇಲ್ಲಿ ಕೇಳದೆಯೇ ಕೊಟ್ಟಿದ್ದಾರೆ. ದೊರೆಗಳು ಕುರ್ಚಿಯನ್ನು ಸ್ವಲ್ಪ ಈಚೆಗೆ ಹಾಕಿಸಿಕೊಂಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ನಮ್ಮ ಕಡೆ ಓಡುವುದಕ್ಕೆ ಕಾರಣ ಬೇಕು. ಬಸ್ಸು ಹೊರಟಿರಬೇಕು, ನಾಯಿ ಅಟ್ಟಿಸಿಕೊಂಡು ಬಂದಿರಬೇಕು, ಇಲ್ಲವೇ ಹಸು ಹಗ್ಗ ಕಿತ್ತುಕೊಂಡಿರಬೇಕು. ನಾನು ಹೊಸದಾಗಿ ಓಟ ಶುರುಮಾಡಿದಾಗ ತೊಡುತ್ತಿದ್ದುದು ಮಾಸಿದ ಪ್ಯಾಂಟು, ಮಗ ಬಿಸಾಕಿದ ಕಾಲೇಜಿನ ಟೀಶರ್ಟು. ಮಲ್ಲಸಂದ್ರದ ಹತ್ತಿರ ಟಿವಿಎಸ್‌ಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟಿದ್ದ ಯಜಮಾನರೊಬ್ಬರು ಗಾಡಿ ನಿಧಾನ ಮಾಡಿ, “ಯಾಕಣ್ಣ ಇಂಗ್ ಓಡ್ತಿದ್ದೀಯ? ಯಾರ್ಗಾನ ಏನಾನ ಆಯ್ತಾ?” ಎಂದು ಗಾಬರಿಯಾದರು. ಆರೋಗ್ಯಕ್ಕೆ ಎಂದೆ. ನಂಬಲಿಲ್ಲ. ಮನೆಯಲ್ಲಿ ಜಗಳವಾಗಿರಬೇಕು ಎಂದುಕೊಂಡು, “ಸಂಸಾರ ಅಂದ್ಮೇಲೆ ಇದ್ದಿದ್ದೇ, ಮನೀಗೋಗು” ಎಂದು ಬುದ್ಧಿ ಹೇಳಿ ಹೋದರು.

ಮುಂದೊಂದು ದಿನ ಅದೇ ರಸ್ತೆಯಲ್ಲಿ ಗಿಣಿಹಸಿರು ಟೀಶರ್ಟು, ಕರಿಕನ್ನಡಕ, ಟೊಪ್ಪಿ, ತೊಡೆಗಂಟಿದ ಚಡ್ಡಿ, ಸೊಂಟದಲ್ಲಿ ನೀರಿನ ಬಾಟಲಿಯ ಪಟ್ಟಿ ಎಲ್ಲ ಹಾಕಿಕೊಂಡು ಬರುತ್ತಿದ್ದೆ. ವೇಗ ಮಾತ್ರ ಮೊದಲಿಗಿಂತ ಕಡಿಮೆಯೇ ಇತ್ತು. ಈ ಸಲ ಯಾರೂ ಏನೂ ಕೇಳಲಿಲ್ಲ. ಬೇಲಿಯ ಬದಿಯಲ್ಲಿದ್ದ ಹುಡುಗನೊಬ್ಬ “ಮ್ಯಾರಥಾನ್ ಕಣ್ಲಾ” ಎಂದು ಇನ್ನೊಬ್ಬನಿಗೆ ತೋರಿಸಿದ. ಹವ್ಯಾಸಿ ಓಟಗಾರನಿಗೆ ಈ ಸಾಮಾನು ಸರಂಜಾಮೆಲ್ಲ ಬೇಕಾಗಿರುವುದು ವೇಗಕ್ಕಿಂತ ಹೆಚ್ಚಾಗಿ ಮಾನಕ್ಕೆ ಎಂಬುದು ಅವತ್ತು ಖಾತ್ರಿಯಾಯಿತು. ವೇಷ ಕಟ್ಟದೆ ರಂಗಕ್ಕೆ ಬಂದವನು ಹುಚ್ಚ. ಕಟ್ಟಿ ಬಂದವನು ಪಾತ್ರಧಾರಿ. ಇದನ್ನು ಗುಬ್ಬಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಕೈಗೆ ಬಂದ ಮೇಲೆ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆನೆ ತಂದವರ ಊರಿಗೆ ನಾನೊಂದು ಟೊಪ್ಪಿ ಹಾಕಿಕೊಂಡು ಹೋದರೆ ಅದೇನು ದೊಡ್ಡ ಆಡಂಬರವಲ್ಲ.

ವೇಷದಲ್ಲಿ ಮುಖ್ಯವಾದದ್ದು ಶೂ. ಶಾಲೆಯಲ್ಲಿ ನಮಗೆ ಬಿಳಿ ಕ್ಯಾನ್ವಾಸ್ ಇತ್ತು, ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಚಾಕ್‌ಪೀಸ್ ತಿಕ್ಕಿ ಬೆಳ್ಳಗೆ ಮಾಡುತ್ತಿದ್ದೆವು. ಓಟದ ಪಂದ್ಯವಿದ್ದಾಗ ಪೀಟಿ ಮೇಷ್ಟ್ರು “ಶೂ ಬಿಚ್ರೋ, ಸವೆದೋಗ್ತವೆ” ಅನ್ನುತ್ತಿದ್ದರು. ಈಗ ಶೂ ಕೊಳ್ಳುವ ಮುನ್ನ ಪಾದದ ಜಾತಕ ಬರೆಸಬೇಕು. ಪಾದ ಒದ್ದೆ ಮಾಡಿಕೊಂಡು ನೆಲದ ಮೇಲೆ ಹೆಜ್ಜೆಯೂರಿ, ಮೂಡಿದ ಗುರುತಿನಲ್ಲಿ ನಡುವಿನ ಕಮಾನು ಎಷ್ಟು ತೆಳ್ಳಗಿದೆ ಎಂದು ನೋಡುವ ವಿಧಾನವೊಂದಿದೆ. ನಮ್ಮ ಮನೆಯ ರೆಡ್ ಆಕ್ಸೈಡ್ ನೆಲ ಅದಕ್ಕೆ ಹೇಳಿ ಮಾಡಿಸಿದ್ದು. ಬಚ್ಚಲಿನಿಂದ ನಡುಮನೆಯವರೆಗೆ ಹೆಜ್ಜೆಯಿಟ್ಟು, ಒಣಗುವ ಮೊದಲೇ ಬಗ್ಗಿ ನೋಡುತ್ತಿದ್ದೆ. ಎಡಪಾದ ಪೂರ್ತಿ ಚಪ್ಪಟೆಯಾಗಿ ಮೂಡಿತ್ತು. ಬಲಗಾಲಿನ ಹೆಬ್ಬೆರಳು ಮಾತ್ರ ಬೇರೆ ಯಾರದ್ದೋ ಎಂಬಂತೆ ದೂರ ನಿಂತಿತ್ತು. ಹೆಂಡತಿ ಒರೆಸುವ ಬಟ್ಟೆ ಹಿಡಿದು ಬಂದವಳು, “ರೀ, ಗೋಕುಲಾಷ್ಟಮಿ ಇನ್ನೂ ದೂರ ಇದೆ. ಕೃಷ್ಣನ ಪಾದ ಇಷ್ಟು ದೊಡ್ಡದೂ ಇರಲ್ಲ” ಎಂದಳು.

ಇಂದಿನ ಶೂಗಳ ವಂಶವೃಕ್ಷದ ಬುಡದಲ್ಲಿರುವುದೂ ಅಡುಗೆಮನೆಯೇ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಓಟದ ತರಬೇತುದಾರ ಬಿಲ್ ಬೋವರ್‌ಮನ್, ಹೆಂಡತಿಯ ವಾಫಲ್ ಕಾವಲಿಗೆ ಪಾಲಿಯುರಿಥೇನ್ ಸುರಿದು ಅಟ್ಟೆಗೆ ಅಚ್ಚು ತೆಗೆಯಲು ಹೋಗಿ ಕಾವಲಿಯನ್ನು ಹಾಳುಮಾಡಿದ. ಅದರಿಂದ ನೈಕಿ ಕಂಪನಿಗೆ ಹೆಸರು ತಂದ ಉಬ್ಬುಚೌಕದ ಅಟ್ಟೆ ಬಂತು. ನಮ್ಮಲ್ಲಿ ಯಾರೂ ಪಡ್ಡು ಹಂಚಿಗೆ ಕೈಹಾಕಿ ಜೀವಸಹಿತ ಉಳಿದು ಕಂಪನಿ ಕಟ್ಟುವ ಸಂಭವವಿರಲಿಲ್ಲ. ಈಗಂತೂ ಅಟ್ಟೆಯೊಳಗೆ ಕಾರ್ಬನ್ ತಗಡು, ಮೇಲೆ ಹತ್ತಿಯಂಥ ಫೋಮು. ದಪ್ಪ ಕೈಮೀರಿದಾಗ 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂಗಳಿಗೆ 40 ಮಿಲಿಮೀಟರ್ ಮಿತಿ ಹಾಕಿತು. ಇಂಥ ಜೋಡಿಯ ಬೆಲೆ 20,000 ರೂಪಾಯಿ ದಾಟುತ್ತದೆ. ಎರಡು ಗಂಟೆಯೊಳಗೆ ಮ್ಯಾರಥಾನ್ ಓಡಿ ತೋರಿಸಿದ ಕೀನ್ಯಾದ ಕಿಪ್ಚೋಗೆಗೆ ಅದು ಬೇಕು. ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋಗುವವನಿಗೆ ಬೇಡ. ಆದರೂ ಅಂಗಡಿಗೆ ಹೋದಾಗಲೆಲ್ಲ ಅದನ್ನೇ ಕೈಗೆತ್ತಿಕೊಂಡು, ಬಾಗಿಸಿ ನೋಡಿ, ನಿಟ್ಟುಸಿರುಬಿಟ್ಟು ಕೆಳಗಿಡುತ್ತೇನೆ.

ನಮ್ಮೂರು ವಾಚು ತಯಾರಿಸುತ್ತಿದ್ದ ಊರು. ಎಚ್‌ಎಂಟಿ ಕಾರ್ಖಾನೆ ಇಲ್ಲಿಗೆ ಬಂದದ್ದು 1970ರ ದಶಕದ ಕೊನೆಯಲ್ಲಿ. ವಾಚಿನ ಕಂಪನಿಯನ್ನು ಮುಚ್ಚುವ ನಿರ್ಧಾರವಾದದ್ದು 2016ರಲ್ಲಿ. ಅಪ್ಪ ಅಲ್ಲಿ ಕೆಲಸಕ್ಕಿದ್ದರು. ಅವರ ಕೈಯಲ್ಲಿರುವುದು ಈಗಲೂ ಕೀಲಿ ಕೊಡುವ ಎಚ್‌ಎಂಟಿ ಜನತಾ. ಬೆಳಿಗ್ಗೆ ಕಾಫಿಗೆ ಮೊದಲು ಹೆಬ್ಬೆರಳು ತೋರುಬೆರಳಲ್ಲಿ ಕೀಲಿ ಹಿಡಿದು, ಇನ್ನೇನು ಬಿಗಿಯಾಯಿತು ಅನ್ನುವಾಗ ನಿಲ್ಲಿಸುತ್ತಾರೆ. ನನ್ನದು ಉಪಗ್ರಹದ ಜೊತೆ ಮಾತಾಡುವ ವಾಚು. ದೂರ, ವೇಗ, ಎದೆಬಡಿತ, ನಿದ್ದೆ ಎಲ್ಲದರ ಲೆಕ್ಕವಿಡುತ್ತದೆ. ಹೆಗ್ಗೆರೆ ತನಕ ಪ್ರಾಣಬಿಟ್ಟುಕೊಂಡು ಹೋಗಿಬಂದರೆ ನಿನ್ನ ಅಭ್ಯಾಸ ನಿಷ್ಫಲ ಎಂದು ಷರಾ ಬರೆಯುತ್ತದೆ.

“ಟೈಮ್ ತೋರಿಸುತ್ತೇನೋ?” ಎಂದು ಅಪ್ಪ ಕೇಳಿದರು.

“ತೋರಿಸುತ್ತೆ. ಎದೆ ಎಷ್ಟು ಬಡಿಯುತ್ತೆ ಅಂತಾನೂ ತೋರಿಸುತ್ತೆ.”

“ಎದೆ ಬಡ್ಕೊಳ್ತಿರೋದು ವಾಚ್ ನೋಡಿ ತಿಳ್ಕೋಬೇಕೇನೋ?”

ಉತ್ತರ ಹೊಳೆಯಲಿಲ್ಲ. ಆಮೇಲೆ ಅವರೇ ನನ್ನ ವಾಚನ್ನು ಬಿಚ್ಚಿಸಿಕೊಂಡು, ಕನ್ನಡಕ ಏರಿಸಿ, ಹಿಂಬದಿಯ ಹಸಿರು ದೀಪವನ್ನು ಬಹಳ ಹೊತ್ತು ನೋಡಿದರು. ತೆಗೆಯಲು ಒಂದು ಸ್ಕ್ರೂ ಕೂಡ ಇಲ್ಲವಲ್ಲ ಎಂಬುದೇ ಅವರ ಬೇಸರ. ಅವರ ಕಾರ್ಖಾನೆಯ ಜಾಗ ಈಗ ಇಸ್ರೊ ಪಾಲಾಗಿದೆ. ನನ್ನ ವಾಚು ಆಕಾಶಕ್ಕೆ ಮುಖಮಾಡಿದ್ದರಲ್ಲಿ ಒಂದು ನ್ಯಾಯವಿದೆ ಅನಿಸುತ್ತದೆ.

ಕೊಳ್ಳುವುದು ಒಂದು ಭಾನುವಾರದ ಕೆಲಸ. ಅಭ್ಯಾಸಕ್ಕೆ ನಾಲ್ಕು ತಿಂಗಳು ಬೇಕು. ಹೆಚ್ಚಿನ ಓಟ ನಿಧಾನವಾಗಿರಬೇಕು, ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ಉಸಿರಿರಬೇಕು ಎಂಬುದು ಬಲ್ಲವರ ಸೂತ್ರ. ನಮ್ಮ ಗುಂಪು ಇದನ್ನು ಭಕ್ತಿಯಿಂದ ಪಾಲಿಸುತ್ತದೆ. ಹೆಗ್ಗೆರೆ ಬರುವಷ್ಟರಲ್ಲಿ ತುಟ್ಟಿಭತ್ಯೆ ಮುಗಿಯುತ್ತದೆ, ಮಲ್ಲಸಂದ್ರದೊಳಗೆ ಮಕ್ಕಳ ಮದುವೆ. ಅಲ್ಲಿಂದಾಚೆಗೆ ಯಾರೂ ಮಾತಾಡುವುದಿಲ್ಲ. ಕುಣಿಗಲ್ ರಸ್ತೆಯದು ಇನ್ನೂ ಕಠಿಣ ವ್ರತ. ಗೂಳೂರಿನ ಪಕ್ಕದ ಕೈದಾಳದಲ್ಲಿ ಜಕಣಾಚಾರಿಗೆ ಕಡಿದುಕೊಂಡ ಕೈ ಮರಳಿ ಬಂತೆಂಬ ಕತೆಯಿದೆ. ಕಾಲು ಮರಳಿ ಬರುವ ದೇವಸ್ಥಾನ ಹೆಬ್ಬೂರಿನಾಚೆ ಒಂದಿದ್ದಿದ್ದರೆ ನಾನೇ ಹುಂಡಿಗೆ ಹಾಕುತ್ತಿದ್ದೆ. 30 ಕಿಲೋಮೀಟರಿನ ಸುಮಾರಿಗೆ ಮೈಯೊಳಗಿನ ಗ್ಲೈಕೋಜನ್ ತಳ ಕಾಣುತ್ತದೆ, ಓಟಗಾರರು ಇದನ್ನು ಗೋಡೆಗೆ ಹಾಯುವುದು ಎನ್ನುತ್ತಾರೆ. ನಮಗೆ ಆ ಗೋಡೆ ಹೆಬ್ಬೂರು ದಾಟಿ ಕುಣಿಗಲ್ ಇನ್ನೂ ಕಾಣದ ಜಾಗದಲ್ಲಿದೆ. ಅಷ್ಟರೊಳಗೆ ಆಗಾಗ ಸಕ್ಕರೆ ತಿನ್ನುತ್ತಿರಬೇಕು. ಅಂಟಂಟು ಜೆಲ್ ಯಾಕೆ, ನಮ್ಮ ಕಡಲೆಮಿಠಾಯಿ ಸಾಲದೇ ಎಂಬ ಸ್ವಾಭಿಮಾನ ನನಗೂ ಇತ್ತು. ಏದುಸಿರಿನಲ್ಲಿ ಕಡಲೆಮಿಠಾಯಿ ಅಗಿದು ನೋಡಿ, ಜೆಲ್ ಯಾಕೆ ಹುಟ್ಟಿತು ಎಂದು ತಿಳಿಯುತ್ತದೆ. ವ್ಯಾಸಲೀನ್ ಎಲ್ಲೆಲ್ಲಿ ಹಚ್ಚಬೇಕು, ಎದೆಗೆ ಟೇಪು ಯಾಕೆ ಅಂಟಿಸಬೇಕು ಎಂಬುದನ್ನು ಸಭ್ಯ ಓದುಗರ ಮುಂದೆ ಹೇಳಲಾರೆ.

ನನ್ನ ತಾತ ಗುಬ್ಬಿಯ ದಾರಿಯನ್ನು ನಡೆದವರು. ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆಯ ದನಗಳ ಜಾತ್ರೆಗೆ ಗುಬ್ಬಿಯ ಕಡೆಯಿಂದ ಜೋಡೆತ್ತು ಹೊಡೆದುಕೊಂಡು ಹೋಗುತ್ತಿದ್ದರು. ಹೊರಡುವ ಮೊದಲು ಲಾಳ ಕಟ್ಟುವವನು ಮನೆಗೆ ಬರುತ್ತಿದ್ದ. ಎತ್ತನ್ನು ಹಗ್ಗ ಹಾಕಿ ಉರುಳಿಸಿ, ನಾಲ್ಕೂ ಕಾಲು ಸೇರಿಸಿ ಕಟ್ಟಿ, ಗೊರಸು ಹೆರೆದು, ಬಾಯಲ್ಲಿ ಕಚ್ಚಿಕೊಂಡ ಮೊಳೆಗಳನ್ನು ಒಂದೊಂದಾಗಿ ತೆಗೆದು ಬಡಿಯುತ್ತಿದ್ದ. ಎತ್ತಿನ ಗೊರಸು ಎರಡು ಸೀಳು, ಹಾಗಾಗಿ ಕಾಲಿಗೆ ಎರಡರಂತೆ ಒಂದೊಂದಕ್ಕೆ ಎಂಟು ಲಾಳ. ಜೋಡಿಗೆ ಹದಿನಾರು. ಅಷ್ಟನ್ನೂ ಬಡಿಸಿ, ದುಡ್ಡು ಎಣಿಸಿ ಕೊಟ್ಟು, ತಾತ ಬರಿಗಾಲಲ್ಲಿ ಹೊರಡುತ್ತಿದ್ದರು. ಡಾಂಬರು ಎತ್ತಿಗೆ ಆಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಈ ಕತೆ ಕೇಳಿದ ಕೂಡಲೇ ನಮ್ಮ ಗುಂಪಿನ ಹುಡುಗನೊಬ್ಬ, “ಸಾರ್, ಅದೇ ನ್ಯಾಚುರಲ್ ರನ್ನಿಂಗ್!” ಎಂದು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಬರಿಗಾಲ ಓಟದ ಒಂದು ಹುಚ್ಚು 2009ರ ಸುಮಾರಿಗೆ ಅಮೆರಿಕದಲ್ಲಿ ಎದ್ದು ಇಲ್ಲಿಗೂ ಬಂದಿತ್ತು. ಅದರವರು ಇಥಿಯೋಪಿಯಾದ ಅಬೆಬೆ ಬಿಕಿಲನ ಹೆಸರು ಹೇಳದೆ ಮಾತು ಮುಗಿಸುವುದಿಲ್ಲ. 1960ರಲ್ಲಿ ರೋಮಿನ ಒಲಿಂಪಿಕ್ ಮ್ಯಾರಥಾನನ್ನು ಆತ ಬರಿಗಾಲಲ್ಲೇ ಗೆದ್ದದ್ದು ನಿಜ. ಕೊಟ್ಟ ಶೂ ಕಾಲಿಗೆ ಸರಿಹೊಂದಿರಲಿಲ್ಲ. ನಾಲ್ಕು ವರ್ಷದ ಮೇಲೆ ಟೋಕಿಯೊದಲ್ಲಿ ಶೂ ಹಾಕಿಕೊಂಡೇ ಓಡಿ, ಮೂರು ನಿಮಿಷ ಬೇಗ ಬಂದು ಮತ್ತೆ ಗೆದ್ದ. ಅದನ್ನು ಯಾಕೋ ಇವರು ಹೇಳುವುದೇ ಇಲ್ಲ. ತಾತನ ಹಿಮ್ಮಡಿಯ ಬಿರುಕಿನಲ್ಲಿ ಎಂಟಾಣೆ ನಿಲ್ಲುತ್ತಿತ್ತು. ಅಜ್ಜಿ ರಾತ್ರಿ ಹರಳೆಣ್ಣೆ ಬಿಸಿಮಾಡಿ ಬಿಡುವಾಗ ಹಲ್ಲು ಕಚ್ಚುತ್ತಿದ್ದರು. ಅವರಿಗೆ ಬರಿಗಾಲು ಸಿದ್ಧಾಂತವಾಗಿರಲಿಲ್ಲ. ದುಡ್ಡು ಎತ್ತಿನ ಕಾಲಿಗೇ ಮುಗಿದಿರುತ್ತಿತ್ತು, ಅಷ್ಟೇ.

ಕುಣಿಗಲ್ಲಿನ ಕುದುರೆ ಫಾರಂ ಕಂಡಾಗ ಇದು ಮತ್ತೆ ನೆನಪಾಗುತ್ತದೆ. ಹೈದರ್-ಟಿಪ್ಪು ಕಾಲದಿಂದಲೂ ಅದು ಕುದುರೆಯ ಊರು. ಅಲ್ಲಿ ಹುಟ್ಟುವ ರೇಸಿನ ಮರಿಗೆ ತಂದೆ ತಾಯಿ ಅಜ್ಜ ಮುತ್ತಜ್ಜರ ಪಟ್ಟಿ ಜೊತೆಗೇ ಬರುತ್ತದೆ, ಯಾರು ಎಲ್ಲಿ ಎಷ್ಟು ಓಡಿದರು ಎಂಬ ವಿವರದ ಸಮೇತ. ನನ್ನ ವಂಶದಲ್ಲಿ ಓಡಿದ ದಾಖಲೆ ಒಂದೇ: ಮುತ್ತಜ್ಜ, ಜಪ್ತಿಗೆ ಬಂದ ಅಮೀನನನ್ನು ಕಂಡು. ರೇಸಿನ ದಿನ ಕುದುರೆಗೂ ಭಾರದ ಉಕ್ಕಿನ ಲಾಳ ಬಿಚ್ಚಿ ಹಗುರ ಅಲ್ಯೂಮಿನಿಯಂ ಬಡಿಯುವುದುಂಟು. ನಮ್ಮ ಅಭ್ಯಾಸದ ಶೂ ಬೇರೆ, ಸ್ಪರ್ಧೆಯ ಶೂ ಬೇರೆ ಎಂಬುದನ್ನು ಹೆಂಡತಿಗೆ ಒಪ್ಪಿಸಲು ಇದನ್ನು ಉದಾಹರಿಸಿದೆ. “ಕುದುರೆ ಗೆದ್ದರೆ ದುಡ್ಡು ತರುತ್ತೆ” ಎಂದಳು. ಬೆಂಗಳೂರಿನ ಟೆನ್‌ಕೆಗೆ ದುಡ್ಡು ಕಟ್ಟಿ, ಪಿನ್ನು ಚುಚ್ಚಿ ನಂಬರು ಅಂಟಿಸಿಕೊಂಡು ಓಡಿ, ಪದಕವೊಂದನ್ನು ಕೊರಳಿಗೆ ಹಾಕಿಕೊಂಡು ಬರುವವನು ಇದಕ್ಕೆ ಏನು ಹೇಳಲಿ?

ತಾತನ ಕಾಲನ್ನು ಕಂಡು ನನಗೆ ಹೊಟ್ಟೆಕಿಚ್ಚಿಲ್ಲ. ದಾರಿಯ ಆ ತುದಿಯಲ್ಲಿ ಅವರಿಗೊಂದು ಕೆಲಸವಿತ್ತು. ಎತ್ತು ಮಾರಬೇಕು, ಸ್ವಾಮಿಗಳಿಗೆ ಅಡ್ಡಬೀಳಬೇಕು, ಮಠದ ಊಟ ಮಾಡಬೇಕು, ಬೀಗರ ಮನೆಗೆ ಹೋಗಿ ಮುಖ ತೋರಿಸಬೇಕು. ನನಗೆ ಗುಬ್ಬಿಯಲ್ಲಿ ಏನೂ ಕೆಲಸವಿರುವುದಿಲ್ಲ. ವಾಚು 21.1 ತೋರಿಸಿದ ಕಡೆ ನಿಂತು, ಎಳನೀರು ಕುಡಿದು, ಬಸ್ಸು ಹತ್ತಿ ವಾಪಸ್ಸು. ಕಂಡಕ್ಟರು ಬೆವರಿನ ಮುದ್ದೆಯನ್ನು ಮೇಲಿಂದ ಕೆಳಗೆ ನೋಡಿ, “ಎಲ್ಲಿಂದ ಬಂದ್ರಿ ಸಾ?” ಎನ್ನುತ್ತಾನೆ. ತುಮಕೂರಿನಿಂದ. “ಈಗ ಎಲ್ಲಿಗೆ?” ತುಮಕೂರಿಗೆ. ಟಿಕೆಟ್ ಹರಿದು ಕೊಟ್ಟು ಮುಂದೆ ಹೋಗುತ್ತಾನೆ. ಊರು ತಲುಪುವತನಕ ಎರಡು ಸಲವಾದರೂ ತಿರುಗಿ ನೋಡುತ್ತಾನೆ.

ಓಟ ಶುರುಮಾಡಬೇಕೆಂದಿರುವವರು ಅಳತೆಗೆ ಸರಿಯಾದ, ಹೆಬ್ಬೆರಳಿನ ಮುಂದೆ ಅರ್ಧ ಇಂಚು ಜಾಗವಿರುವ ಒಂದು ಜೊತೆ ಶೂ ಕೊಳ್ಳಿ. ಓಡುತ್ತ ಓಡುತ್ತ ಪಾದ ಉಬ್ಬುತ್ತದೆ. ಬಣ್ಣದ ಟೀಶರ್ಟೂ ಒಂದಿರಲಿ, ಕಾರಣ ಮೇಲೆ ಹೇಳಿದೆ. ಉಳಿದದ್ದು ನಿಮ್ಮ ನಿಮ್ಮ ಮನೆಯ ಒಪ್ಪಂದಕ್ಕೆ ಬಿಟ್ಟದ್ದು. ಓಡದೆ ಇರುವವರಲ್ಲೂ ಒಂದು ಬಿನ್ನಹವಿದೆ. ಬೆಳಗಿನ ಜಾವ ಬಿ.ಎಚ್. ರಸ್ತೆಯಲ್ಲೋ ಕುಣಿಗಲ್ ರಸ್ತೆಯಲ್ಲೋ ನಮ್ಮನ್ನು ಕಂಡರೆ ಹೆಡ್‌ಲೈಟು ಸ್ವಲ್ಪ ಇಳಿಸಿ. ಪಕ್ಕಕ್ಕೆ ಬಂದು ಹಾರ್ನ್ ಹೊಡೆಯಬೇಡಿ. ಗಾಡಿ ನಿಲ್ಲಿಸಿ, “ಬನ್ನಿ ಸಾರ್, ಡ್ರಾಪ್ ಕೊಡ್ತೀನಿ” ಅನ್ನಬೇಡಿ. ಮಲ್ಲಸಂದ್ರ ದಾಟಿದ ಮೇಲಂತೂ ಅನ್ನಲೇಬೇಡಿ, ಹತ್ತಿಬಿಡುತ್ತೇವೆ.