ಕ್ಯಾಲೆಂಡರಿನ ಕೆಂಪು ಚುಕ್ಕೆ

ಆ ಮನೆಯ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರು ಬಂದ ದಿನ, ಚೀಟಿ ಹಣ ಕಟ್ಟುವ ತಾರೀಖು ಎಲ್ಲವೂ ಅದರ ಮೇಲೆಯೇ. ಅವುಗಳ ನಡುವೆ ಕೆಂಪು ಪೆನ್ನಿನ ಒಂದು ಸಣ್ಣ ಚುಕ್ಕೆ ಮಾತ್ರ ಯಾವುದರ ಲೆಕ್ಕವೆಂದು ಮನೆಯ ಗಂಡಸರಿಗೆ ಗೊತ್ತಿಲ್ಲ. ಅದು ದ್ವಿತೀಯ ಪಿಯುಸಿ ಓದುತ್ತಿರುವ ಮಗಳ ಮುಟ್ಟಿನ ದಿನ. ಚುಕ್ಕೆ ಇಡುವವಳು ತಾಯಿ.

ಒಂದು ಮಳೆಗಾಲದಲ್ಲಿ ಚುಕ್ಕೆಗಳ ಲೆಕ್ಕ ತಪ್ಪಿತು. ಎರಡು ತಿಂಗಳು ಮುಟ್ಟೇ ಇಲ್ಲ. ಆಮೇಲೆ ಬಂದದ್ದು ಹದಿನೈದು ದಿನವಾದರೂ ನಿಲ್ಲಲಿಲ್ಲ. ಹುಡುಗಿ ಬಿಳಿಚಿಕೊಂಡಳು, ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರಮ್ಮ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ, ಕಬ್ಬಿಣಾಂಶದ ಮಾತ್ರೆಯ ಜೊತೆಗೆ ಇನ್ನೊಂದು ಮಾತ್ರೆಯನ್ನು ಆರು ತಿಂಗಳಿಗೆಂದು ಬರೆದುಕೊಟ್ಟರು. ಔಷಧಿ ಅಂಗಡಿಯವನು ಚೀಟಿ ನೋಡಿದ, ಪಕ್ಕದಲ್ಲಿದ್ದ ಹುಡುಗಿಯನ್ನು ನೋಡಿದ, ದನಿ ತಗ್ಗಿಸಿ ಹೇಳಿದ: “ಇದು ಮಕ್ಕಳಾಗದ ಹಾಗೆ ತಗೊಳ್ಳೋ ಮಾತ್ರೆ, ಗೊತ್ತಲ್ವಾ ಅಮ್ಮಾ?”

ಆ ರಾತ್ರಿ ತಾಯಿಗೆ ನಿದ್ದೆ ಬರಲಿಲ್ಲ. ಕಣ್ಣೆದುರು ಬಂದವಳು ತಂಗಿ. ಮದುವೆಯಾದ ಮೇಲೆ ಬಿ.ಎಡ್. ಮುಗಿಯಲೆಂದು ಅವಳು ಎರಡು ವರ್ಷ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಿದ್ದಳು. ಬಿಟ್ಟ ಮೇಲೆ ಮೂರು ವರ್ಷ ಮಕ್ಕಳಾಗಲಿಲ್ಲ. “ಮಾತ್ರೆ ನುಂಗಿ ಗರ್ಭಕೋಶ ಒಣಗಿಸಿಕೊಂಡಳು” ಎಂಬ ಮಾತು ಗಂಡನ ಮನೆಯಲ್ಲಿ ಅವಳ ಕಿವಿಗೆ ಬೀಳದ ದಿನವಿರಲಿಲ್ಲ.

ಮರುದಿನ ಮಾತ್ರೆಗಳು ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರಿದವು. ಮಗಳು ಹುಡುಕಿ ತೆಗೆದಳು. ಜೀವಶಾಸ್ತ್ರದ ಪುಸ್ತಕ ಬಿಡಿಸಿಕೊಂಡು ತಾಯಿಯ ಎದುರು ಕೂತಳು.

“ಅಮ್ಮ, ತಾರಸಿ ಮೇಲಿನ ಟ್ಯಾಂಕು ತುಂಬಿದ ಕೂಡಲೇ ಫ್ಲೋಟ್ ಮೇಲೆದ್ದು ನೀರು ನಿಲ್ಲಿಸುತ್ತಲ್ಲ, ಇದೂ ಹಾಗೇ.”

ಹೋಲಿಕೆ ಸರಿಯಾದದ್ದೇ. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯೂಟರಿ ಗ್ರಂಥಿಯಿದೆ. ಅದು ಸ್ರವಿಸುವ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಹಾರ್ಮೋನುಗಳಿಂದಲೇ ಅಂಡಾಶಯದಲ್ಲಿ ಅಂಡ ಬಲಿತು ಹೊರಬೀಳುವುದು. ಮಾತ್ರೆಯಲ್ಲಿರುವುದು ಅಂಡಾಶಯದ್ದೇ ಹಾರ್ಮೋನುಗಳ ಕೃತಕ ರೂಪ. ರಕ್ತದಲ್ಲಿ ಅದನ್ನು ಕಂಡ ಗ್ರಂಥಿ ‘ಟ್ಯಾಂಕು ತುಂಬಿದೆ’ ಎಂದು ಸುಮ್ಮನಾಗುತ್ತದೆ, ಅಂಡ ಹೊರಬೀಳುವುದಿಲ್ಲ. 21 ಮಾತ್ರೆ ಮುಗಿದ ವಾರದಲ್ಲಿ ಕಾಣುವ ಸ್ರಾವ ನಿಜವಾದ ಮುಟ್ಟಲ್ಲ. ಹಾರ್ಮೋನು ನಿಂತದ್ದರಿಂದ ಗರ್ಭಕೋಶದ ಒಳಪದರ ಕಳಚಿದ್ದು, ಅಷ್ಟೆ. ಮಾತ್ರೆಯನ್ನು ಪೂರ್ತಿ ಬಿಟ್ಟರೆ ಕೆಲವೇ ದಿನಗಳಲ್ಲಿ ಅದರ ಅಂಶ ದೇಹದಿಂದ ಹೊರಹೋಗುತ್ತದೆ. ಫ್ಲೋಟ್ ಇಳಿಯುತ್ತದೆ, ನೀರು ಹರಿಯುತ್ತದೆ. ಏನೂ ಕೆಟ್ಟಿರಲಿಲ್ಲವಾದ್ದರಿಂದ ರಿಪೇರಿಯೂ ಬೇಕಿಲ್ಲ.

ಈ ಮಾತ್ರೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯ ಜಾನ್ ರಾಕ್ ಇಂಥ ಹಾರ್ಮೋನುಗಳನ್ನು ಕೊಟ್ಟದ್ದು ಮಕ್ಕಳಿಗಾಗಿ ಹಂಬಲಿಸುತ್ತಿದ್ದ 80 ಹೆಂಗಸರಿಗೆ. ಔಷಧ ನಿಲ್ಲಿಸಿದ ಕೆಲವೇ ತಿಂಗಳಲ್ಲಿ 13 ಮಂದಿ ಗರ್ಭಿಣಿಯರಾದರು. 1957ರಲ್ಲಿ ಆ ದೇಶದಲ್ಲಿ ಮೊದಲ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು ಮುಟ್ಟಿನ ತೊಂದರೆಗಳ ಚಿಕಿತ್ಸೆಗೆ. ಗರ್ಭನಿರೋಧಕವೆಂದು ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ.

ಪುಸ್ತಕದ ಮಾತು ತಾಯಿಗೆ ಅರ್ಥವಾಯಿತು, ಆದರೆ ಸಮಾಧಾನವಾಗಲಿಲ್ಲ. ಮಗಳು ಚಿಕ್ಕಮ್ಮನಿಗೇ ಫೋನು ಹಚ್ಚಿಕೊಟ್ಟಳು.

“ಅಕ್ಕಾ, ನನ್ನ ಕಥೇನ ನೀನು ಅರ್ಧ ಮಾತ್ರ ಕೇಳಿದ್ದೀಯ” ಎಂದಳು ತಂಗಿ. “ಇದ್ದಬದ್ದ ಪರೀಕ್ಷೆ ಎಲ್ಲಾ ನನಗೇ ಮಾಡಿಸಿದ್ರು. ಮೂರನೇ ವರ್ಷ ಇವರು ಒಪ್ಪಿಕೊಂಡು ಪರೀಕ್ಷೆ ಮಾಡಿಸಿಕೊಂಡಾಗ ಗೊತ್ತಾಯ್ತು, ವೀರ್ಯಾಣು ಕಡಿಮೆ ಅಂತ. ಚಿಕಿತ್ಸೆ ಆಯ್ತು, ಮಗು ಆಯ್ತು. ಮಾತ್ರೆ ಮೇಲೆ ತಪ್ಪು ಹಾಕ್ಕೊಂಡು ಕೂತಿದ್ದಕ್ಕೆ ಮೂರು ವರ್ಷ ಹಾಳಾಯ್ತು, ನನ್ನ ಕಣ್ಣೀರೂ ಸೇರಿ.”

ಮಾತ್ರೆ ಶುರುವಾಯಿತು. ಆರು ತಿಂಗಳಲ್ಲಿ ಹುಡುಗಿಯ ಮುಖಕ್ಕೆ ಕಳೆ ಬಂತು. ನಿಲ್ಲಿಸುವಾಗ ತಾಯಿ ಡಾಕ್ಟರಮ್ಮನ ಹತ್ತಿರ ಎಲ್ಲವನ್ನೂ ಕೇಳಿಕೊಂಡಳು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಸಹಜ ಮುಟ್ಟು ಮರಳುತ್ತದೆ. ಕೆಲವರಿಗೆ ಮೂರು ತಿಂಗಳಾಗಬಹುದು. ಅದನ್ನೂ ದಾಟಿದರೆ ಥೈರಾಯ್ಡ್, ಪಿಸಿಓಎಸ್, ತೂಕದ ಏರುಪೇರು ಇವೆಯೇ ಎಂದು ನೋಡಬೇಕು. ಮೊದಲಿನ ಏರುಪೇರು ಮತ್ತೆ ಕಾಣಿಸಿದರೆ ಅದು ಮಾತ್ರೆ ಮಾಡಿದ್ದಲ್ಲ, ಅಷ್ಟು ದಿನ ಮಾತ್ರೆ ಮುಚ್ಚಿಟ್ಟಿದ್ದು.

ಮದುವೆಯಾದವರಿಗೂ ಡಾಕ್ಟರಮ್ಮನ ಮಾತು ಉಪಯುಕ್ತ. ಅಂಡ ಹೊರಬಿದ್ದ ಮೇಲೆಯೇ ಮುಟ್ಟು. ಆದ್ದರಿಂದ ಮಾತ್ರೆ ಬಿಟ್ಟವರು ಮುಟ್ಟಿಗೆ ಮೊದಲೇ ಗರ್ಭಿಣಿಯಾಗಬಹುದು. ಮಗು ಬೇಕೆಂದು ಮಾತ್ರೆ ಬಿಟ್ಟ ನೂರು ಮಂದಿಯಲ್ಲಿ ಸುಮಾರು 80 ಮಂದಿ ವರ್ಷದೊಳಗೆ ಬಸುರಾಗುತ್ತಾರೆ. ಮಾತ್ರೆಯನ್ನೇ ನುಂಗದವರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿನ ವಿಷಯ ಬೇರೆ. ಅದನ್ನು ಬಿಟ್ಟ ಮೇಲೆ ಗರ್ಭ ನಿಲ್ಲಲು ಹಲವು ತಿಂಗಳು ಹಿಡಿಯಬಹುದು. ಮಾತ್ರೆ ಅಂಡಗಳನ್ನು ತಿನ್ನುವುದೂ ಇಲ್ಲ, ಕೂಡಿಡುವುದೂ ಇಲ್ಲ. ಅವನ್ನು ಕಡಿಮೆ ಮಾಡುವುದು ವಯಸ್ಸು. ಒಂದು ವರ್ಷ ಕಾದರೂ, 35 ದಾಟಿದವರು ಆರು ತಿಂಗಳು ಕಾದರೂ ಫಲವಿಲ್ಲದಿದ್ದರೆ ಗಂಡ, ಹೆಂಡತಿ ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗಬೇಕು.

ಇಷ್ಟು ತಿಳಿದೂ ತಾಯಿ ದಿನ ಎಣಿಸಿದಳು. ಮೂವತ್ತಾಯಿತು, ನಲವತ್ತಾಯಿತು. ನಲವತ್ತಾರನೆಯ ದಿನ ಮಗಳು ತಾನೇ ಪೆನ್ನು ತೆಗೆದುಕೊಂಡು ಕ್ಯಾಲೆಂಡರಿನ ಮೇಲೆ ಚುಕ್ಕೆ ಇಟ್ಟಳು.

ಹಾಲಿನ ಲೆಕ್ಕ ಬರೆಯಲು ಬಂದ ತಂದೆ ಕೇಳಿದರು: “ಇದೇನು ಕೆಂಪು ಚುಕ್ಕೆ?”

ತಾಯಿ ಒಲೆಯ ಕಡೆ ತಿರುಗಿದಳು. ಮಗಳು ಹೇಳಿದಳು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ರಕ್ತ ಪರೀಕ್ಷೆ ಮತ್ತೆ ಯಾವಾಗ? ನಾನೂ ಬರ್ತೀನಿ” ಎಂದರು.