ಎರಡು ದೋಣಿಯ ಮೇಲೊಂದು ಜಗಲಿ

ಅಮೆರಿಕದ ಭೂಪಟ ಬಿಡಿಸಿದರೆ ಉತ್ತರದ ಅಂಚಿನಲ್ಲಿ, ಕೆನಡಾಕ್ಕೆ ಅಂಟಿಕೊಂಡಂತೆ, ಮಿನ್ನೆಸೋಟ ಎಂಬ ರಾಜ್ಯ ಕಾಣುತ್ತದೆ. ಅಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೆ ‘ಹತ್ತು ಸಾವಿರ ಸರೋವರಗಳು’ ಎಂದು ಬರೆದಿರುತ್ತದೆ. ನಮ್ಮ ಕಡೆ ಇಂಥ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರುವುದುಂಟು. ಇಲ್ಲಿ ಮಾತ್ರ ಲೆಕ್ಕ ಕಡಿಮೆಯೇ ಆಗಿದೆ. ಹತ್ತು ಎಕರೆ ಮತ್ತು ಅದಕ್ಕಿಂತ ದೊಡ್ಡ ಸರೋವರಗಳನ್ನಷ್ಟೇ ಎಣಿಸಿದರೂ 11,842 ಆಗುತ್ತವೆ! ಸಾವಿರಾರು ವರ್ಷಗಳ ಹಿಂದೆ ಈ ನೆಲವನ್ನು ಮುಚ್ಚಿದ್ದ ಹಿಮದ ರಾಶಿ ಸರಿಯುತ್ತ ಸರಿಯುತ್ತ ಭೂಮಿಯನ್ನು ಕೆರೆದು ಗುಂಡಿ ಮಾಡಿತು. ಹಿಮ ಕರಗಿದಾಗ ಆ ಗುಂಡಿಗಳಲ್ಲಿ ನೀರು ನಿಂತಿತು. ರಾಜ್ಯದ ಹೆಸರಿನಲ್ಲೂ ನೀರಿದೆ. ಇಲ್ಲಿಯ ಮೂಲನಿವಾಸಿಗಳಾದ ಡಕೋಟಾ ಜನರ ಭಾಷೆಯಲ್ಲಿ ‘ಮ್ನಿ’ ಎಂದರೆ ನೀರು.

ಚಳಿಗಾಲದಲ್ಲಿ ಈ ಸರೋವರಗಳೆಲ್ಲ ಹೆಪ್ಪುಗಟ್ಟಿ ಗಟ್ಟಿ ನೆಲವಾಗುತ್ತವೆ. ಜನ ಅವುಗಳ ಮೇಲೆ ನಡೆಯುತ್ತಾರೆ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಾರೆ. ಏಪ್ರಿಲ್ ಹೊತ್ತಿಗೆ ಮಂಜು ಕರಗಿತೆಂದರೆ ಊರಿಗೆ ಊರೇ ನೀರಿನ ಕಡೆ ಮುಖ ಮಾಡುತ್ತದೆ. ಬೇಸಿಗೆಯ ಶನಿವಾರ ರಸ್ತೆಯಲ್ಲಿ ನಿಂತು ನೋಡಿ, ಕಾರುಗಳ ಹಿಂದೆ ದೋಣಿಗಳು ಸಾಲಾಗಿ ಹೋಗುತ್ತಿರುತ್ತವೆ. ನಮ್ಮಲ್ಲಿ ಜಾತ್ರೆಗೆ ಎತ್ತಿನಗಾಡಿ ಹೊರಟ ಹಾಗೆ.

ನಮ್ಮ ಮಗಳ ಸಂಸಾರ ಇರುವುದು ಮಿನಿಯಾಪೊಲಿಸ್ ನಗರದ ಹತ್ತಿರ. ಮೊದಲ ಸಲ ನಾವು ಹೋದಾಗ ಅಳಿಯ ಸ್ನೇಹಿತರ ಮೋಟಾರು ದೋಣಿ ತಂದಿದ್ದರು. ಚೂಪು ಮೂತಿಯ, ಚಂದದ ದೋಣಿ. ಆದರೆ ಅದರೊಳಗೆ ಇಳಿಯಲು ಕಾಲೆತ್ತಿ ಅಂಚು ದಾಟಬೇಕು, ಕಾಲಿಟ್ಟ ಕೂಡಲೇ ಅದು ಪಕ್ಕಕ್ಕೆ ವಾಲುತ್ತದೆ. ಮಂಡಿನೋವಿನ ಅಜ್ಜಿ, ಅಂದರೆ ನನ್ನ ಮನೆಯವರು, ಒಂದು ಹೆಜ್ಜೆ ಮುಂದಿಟ್ಟು ಹಿಂದೆ ತೆಗೆದುಕೊಂಡರು. “ನೀವೆಲ್ಲ ಹೋಗಿ ಬನ್ನಿ. ನಾನು ಚೀಲ ನೋಡಿಕೊಂಡಿರ್ತೀನಿ” ಎಂದು ದಡದಲ್ಲೇ ಕುಳಿತರು. ಆ ಬೇಸಿಗೆ ಪೂರ್ತಿ ಅವರು ಚೀಲ ಕಾದರು. ಈ ಸಲ ನಾವು ಹೋಗುವ ಮೊದಲೇ ಒಂಬತ್ತು ವರ್ಷದ ಮೊಮ್ಮಗಳು ಫೋನಿನಲ್ಲಿ ತೀರ್ಪು ಕೊಟ್ಟಿದ್ದಳು: “ಅಜ್ಜಾ, ಈ ಸರ್ತಿ ಅಜ್ಜಿ ಹತ್ತೋ ದೋಣಿನೇ ಬೇಕು.”

ಅಂಥ ದೋಣಿ ಇದೆ. ಅದರ ಹೆಸರು ಪಾಂಟೂನ್.

ಪಾಂಟೂನ್ ದೋಣಿಯನ್ನು ಹೀಗೆ ಕಲ್ಪಿಸಿಕೊಳ್ಳಿ. ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆಗಳು ನೀರಿನಲ್ಲಿ ಅಕ್ಕಪಕ್ಕ ಮಲಗಿವೆ. ಎರಡೂ ತುದಿ ಮುಚ್ಚಿದೆ, ಒಳಗೆ ಬರೀ ಗಾಳಿ. ಅವುಗಳ ಮೇಲೆ ಚಪ್ಪಟೆಯಾದ ಹಾಸು. ಸುತ್ತ ಕಟಕಟೆ, ಒಳಗೆ ಮೆತ್ತನೆಯ ಆಸನಗಳು, ಮೇಲೆ ಬಟ್ಟೆಯ ಚಪ್ಪರ. ಒಟ್ಟಿನಲ್ಲಿ ನಮ್ಮ ಮನೆಯ ಜಗಲಿಯನ್ನೇ ಕಿತ್ತು ನೀರಿಗಿಟ್ಟ ಹಾಗೆ!

ಈ ದೋಣಿಯ ತವರು ಕೂಡ ಮಿನ್ನೆಸೋಟವೇ. ರಿಚ್‌ಮಂಡ್ ಎಂಬ ಪುಟ್ಟ ಊರಿನಲ್ಲಿ ಆಂಬ್ರೋಸ್ ವೀರಸ್ ಎಂಬ ರೈತರಿದ್ದರು. ಸಾಮಾನ್ಯ ದೋಣಿಗಿಂತ ಅಲುಗಾಡದೆ ನಿಲ್ಲುವಂಥದ್ದು ಬೇಕೆಂದು ಅವರು 1950ರ ದಶಕದ ಆರಂಭದಲ್ಲಿ ಕಬ್ಬಿಣದ ಪೀಪಾಯಿಗಳನ್ನು ಒಂದರ ಹಿಂದೊಂದು ಬೆಸೆದು ಎರಡು ಸಾಲು ಮಾಡಿ, ಮೇಲೆ ಮರದ ಹಲಗೆ ಹಾಸಿ ನೀರಿಗೆ ಬಿಟ್ಟರು. ದೋಣಿ ಅಲುಗಾಡದೆ ನಿಂತಿತು. ಮುಂದೆ ಅದೇ ಅವರ ಉದ್ಯಮವಾಯಿತು.

‘ಎರಡು ದೋಣಿಯ ಮೇಲೆ ಕಾಲಿಡಬೇಡ’ ಎಂಬ ಗಾದೆ ನಿಮಗೆ ಗೊತ್ತು. ಆದರೆ ಆ ಎರಡು ದೋಣಿಗಳನ್ನು ಬಿಗಿಯಾಗಿ ಕಟ್ಟಿಬಿಟ್ಟರೆ? ಆಗ ಅದರಷ್ಟು ಭದ್ರ ಬೇರೊಂದಿಲ್ಲ. ನಮ್ಮ ಕರಾವಳಿಯ ಹಿರಿಯರಿಗೂ ಇದು ತಿಳಿದಿತ್ತು. ಸೇತುವೆಗಳಿಲ್ಲದ ಕಾಲದಲ್ಲಿ ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿ, ಗಾಡಿ ಮೋಟಾರುಗಳನ್ನು ಹೊಳೆ ದಾಟಿಸುತ್ತಿದ್ದರು. ಅದಕ್ಕೆ ಜಂಗಲ್ ಎಂಬ ಹೆಸರಿತ್ತು. ನಿಮ್ಮ ಅಜ್ಜ ಅಜ್ಜಿ ಕರಾವಳಿಯವರಾದರೆ ಕೇಳಿ ನೋಡಿ.

ಇನ್ನು ಆಯ್ಕೆಯ ವಿಷಯ. ಮಾರುವ ಜಾಗಕ್ಕೆ ಹೋದರೆ ಸಾಲು ಸಾಲು ಪಾಂಟೂನ್‌ಗಳು. ಬಣ್ಣ, ಸ್ಪೀಕರು, ಮಿನುಗು ದೀಪ ನೋಡಿದರೆ ತಲೆ ತಿರುಗುತ್ತದೆ. ಹದಿಮೂರು ವರ್ಷದ ಮೊಮ್ಮಗನ ಕಣ್ಣು ದೊಡ್ಡ ಎಂಜಿನ್ ಮೇಲೆ. ಮೊಮ್ಮಗಳು ಮಾತ್ರ ಅಳತೆಯ ಟೇಪು ಹಿಡಿದುಕೊಂಡು ಬಾಗಿಲುಗಳನ್ನು ಅಳೆಯುತ್ತ ಹೊರಟಳು. ದೋಣಿ ಕೊಳ್ಳುವವರು ಮೊದಲು ನೋಡಬೇಕಾದದ್ದು ಅದನ್ನೇ. ಹತ್ತುವವರು ಯಾರು, ಅವರು ಹೇಗೆ ಹತ್ತುತ್ತಾರೆ? ಪಾಂಟೂನಿನ ಹಾಸು ದಡದ ಕಟ್ಟೆಗೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಬಾಗಿಲು ಅಗಲವಾಗಿದ್ದರೆ ಊರುಗೋಲಿನವರೂ ಗಾಲಿಕುರ್ಚಿಯವರೂ ಒಳಗೆ ಹೋಗಬಹುದು. ಬಾಗಿಲ ಪಕ್ಕದಲ್ಲಿ ಹಿಡಿದುಕೊಳ್ಳಲು ಗಟ್ಟಿ ಕಂಬಿ ಇರಬೇಕು, ನೆಲ ಒದ್ದೆಯಾದರೂ ಜಾರಬಾರದು.

ಎರಡನೆಯದು, ಎಷ್ಟು ಜನ? ಇದಕ್ಕೊಂದು ಲೆಕ್ಕವಿದೆ, ಮಕ್ಕಳು ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಕೊಳವೆಯ ಅಡ್ಡಳತೆ 25 ಅಂಗುಲ, ಉದ್ದ 20 ಅಡಿ ಎಂದುಕೊಳ್ಳೋಣ. ಅದರ ಗಾತ್ರ ಸುಮಾರು 1,900 ಲೀಟರ್. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಆರ್ಕಿಮಿಡೀಸ್ ಹೇಳಿದಂತೆ, ಪೂರ್ತಿ ಮುಳುಗಿದ ಕೊಳವೆ 1,900 ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ಎರಡು ಸೇರಿ 3,800 ಕಿಲೋ. ಆದರೆ ಕೊಳವೆ ಪೂರ್ತಿ ಮುಳುಗಿದರೆ ನಾವೂ ಮುಳುಗಿದಂತೆಯೇ! ಅರ್ಧ ಮಾತ್ರ ಮುಳುಗಲಿ ಎಂದರೆ 1,900 ಕಿಲೋ ಉಳಿಯಿತು. ಅದರಲ್ಲಿ ದೋಣಿ, ಎಂಜಿನ್, ಪೆಟ್ರೋಲ್ ಸೇರಿ 1,000 ಕಿಲೋ ಆಯಿತೆನ್ನಿ. ಮಿಕ್ಕಿದ್ದು 900. ತಲೆಗೆ 75 ಕಿಲೋ ಹಿಡಿದರೆ ಹನ್ನೆರಡು ಜನ. ಸಾಮಾನ್ಯವಾಗಿ ದೋಣಿಯಲ್ಲೇ ಒಂದು ಫಲಕವಿದ್ದು, ಎಷ್ಟು ಜನ, ಎಷ್ಟು ತೂಕ ಎಂದು ಬರೆದಿರುತ್ತದೆ. ನಮ್ಮ ಲೆಕ್ಕ ಏನೇ ಹೇಳಲಿ, ಫಲಕದ ಮಾತೇ ಕೊನೆಯ ಮಾತು. ಈಗಿನ ಕೊಳವೆಗಳ ಒಳಗೆ ಅಡ್ಡಗೋಡೆಗಳಿದ್ದು ಕೋಣೆ ಕೋಣೆಯಾಗಿರುತ್ತವೆ. ಒಂದು ಕಡೆ ತೂತಾದರೂ ನೀರು ಒಂದೇ ಕೋಣೆಗೆ ನುಗ್ಗುತ್ತದೆ.

ಮೂರನೆಯದು, ಯಾವ ಸರೋವರ? ಚಿಕ್ಕದಾದ, ಶಾಂತ ನೀರಿಗೆ ಎರಡು ಕೊಳವೆ ಸಾಕು. ಮಿಲ್ ಲ್ಯಾಕ್ಸ್‌ನಂಥ ಸರೋವರ ಸುಮಾರು 1,32,000 ಎಕರೆ. ದೊಡ್ಡದಾದರೂ ಆಳ ಕಡಿಮೆ, ಹಾಗಾಗಿ ಗಾಳಿ ಎದ್ದರೆ ಅಲೆಯೂ ಬೇಗ ಏಳುತ್ತದೆ. ಅಂಥ ಕಡೆ ನಡುವೆ ಇನ್ನೊಂದು ಕೊಳವೆಯಿರುವ, ಮೂರು ಕೊಳವೆಯ ದೋಣಿ ಒಳ್ಳೆಯದು. ಪಾಂಟೂನಿಗೆ ಗಾಳಿಯೇ ದೊಡ್ಡ ವೈರಿ. ಕಟಕಟೆ, ಚಪ್ಪರ ಎಲ್ಲ ಹಾಯಿಯ ಹಾಗೆ ಗಾಳಿ ಹಿಡಿದು ದೋಣಿಯನ್ನು ಪಕ್ಕಕ್ಕೆ ತಳ್ಳುತ್ತವೆ.

ಎಂಜಿನ್ ವಿಷಯದಲ್ಲಿ ಮೊಮ್ಮಗನಿಗೂ ಅವನ ಅಪ್ಪನಿಗೂ ಒಂದು ಸಂಜೆಯಿಡೀ ಚರ್ಚೆ ನಡೆಯಿತು. ನಿಧಾನವಾಗಿ ಸುತ್ತಾಡಲು 40ರಿಂದ 60 ಅಶ್ವಶಕ್ತಿ ಸಾಕು. ಹಿಂದೆ ರಬ್ಬರ್ ಟ್ಯೂಬ್ ಕಟ್ಟಿ ಮಕ್ಕಳನ್ನು ಎಳೆಯಬೇಕೆಂದರೆ 90 ಅಥವಾ 115 ಬೇಕು. ಅವನಿಗೆ ಬೇಕಾಗಿದ್ದದ್ದು 150. ಅಜ್ಜಿ ಅಡುಗೆಮನೆಯಿಂದಲೇ ಕೇಳಿದರು: “ಓಡಿ ಹೋಗಿ ಎಲ್ಲಿಗೆ ತಲುಪಬೇಕಪ್ಪಾ? ವಾಪಸ್ ಇಲ್ಲಿಗೇ ತಾನೆ ಬರೋದು?”

ಕೊನೆಗೆ ಹಣ. ಹೊಸ ಪಾಂಟೂನಿಗೆ ಹತ್ತಾರು ಸಾವಿರ ಡಾಲರ್. ಅಷ್ಟಕ್ಕೇ ಮುಗಿಯುವುದಿಲ್ಲ. ಎಳೆದೊಯ್ಯಲು ಟ್ರೇಲರ್, ನೋಂದಣಿ, ವಿಮೆ ಬೇಕು. ಚಳಿಗಾಲ ಬರುವ ಮೊದಲು ನೀರಿನಿಂದ ಎತ್ತಿ, ಎಂಜಿನ್ನಿನ ನೀರು ಬಸಿದು, ಹೊದಿಕೆ ಹಾಕಿ ತಿಂಗಳುಗಟ್ಟಲೆ ಇಡಲು ಜಾಗವೂ ಬೇಕು. ವರ್ಷಕ್ಕೆ ನಾಲ್ಕೈದು ದಿನ ಹೋಗುವವರು ಕೊಳ್ಳುವುದೇಕೆ? ಮಗಳು ಲೆಕ್ಕ ಹಾಕಿ, “ಈ ವರ್ಷ ಬಾಡಿಗೆಗೆ ತೆಗೆದುಕೊಳ್ಳೋಣ, ಅಮ್ಮನಿಗೆ ಒಗ್ಗುತ್ತದಾ ನೋಡೋಣ” ಎಂದಳು. ಎಲ್ಲರೂ ಒಪ್ಪಿದರು. ಒಗ್ಗುತ್ತದೋ ಇಲ್ಲವೋ ಎಂಬುದೇ ಇನ್ನೂ ಗೊತ್ತಿರಲಿಲ್ಲ.

ಮಿನಿಯಾಪೊಲಿಸ್‌ನ ಪಶ್ಚಿಮಕ್ಕಿರುವ ಮಿನ್ನೆಟೊಂಕ ಸರೋವರ ಸುಮಾರು 14,500 ಎಕರೆ. ಒಂದೇ ಬಯಲು ನೀರಲ್ಲ, ಹತ್ತಾರು ಕೊಲ್ಲಿಗಳು ಸೇರಿ ಆದದ್ದು. ವಾರಾಂತ್ಯದಲ್ಲಿ ವೇಗದ ದೋಣಿಗಳ ಅಲೆ ಜೋರೆಂದು ನಾವು ಮಂಗಳವಾರ ಬೆಳಿಗ್ಗೆ ಹೋದೆವು. ಅಳಿಯ ಒಳಗೆ ನಿಂತು ಎರಡೂ ಕೈ ಚಾಚಿ, “ಅತ್ತೆ, ನಿಧಾನ, ನನ್ನ ಕೈ ಹಿಡ್ಕೊಳಿ” ಎಂದರು. ಅಜ್ಜಿ ಕಂಬಿ ಹಿಡಿದರು, ಒಂದು ಕಾಲು ಇಟ್ಟು ನಿಂತರು. ದೋಣಿ ವಾಲಲಿಲ್ಲ. ಇನ್ನೊಂದು ಕಾಲೂ ಬಂತು. “ಇದೇನು, ನೆಲದ ಹಾಗೇ ಇದೆಯಲ್ಲ!” ಎಂದು ನಕ್ಕು, ನೆರಳಿನ ಕಡೆಯ ಆಸನ ನೋಡಿ ಕುಳಿತರು. ಚೀಲವೂ ಅವರ ಜೊತೆ ದೋಣಿ ಹತ್ತಿತು.

ಹೊರಡುವ ಮುನ್ನ ಲೈಫ್ ಜಾಕೆಟ್. ದೋಣಿ ಚಲಿಸುವಾಗ ಹತ್ತು ವರ್ಷದೊಳಗಿನ ಮಕ್ಕಳು ಅದನ್ನು ಹಾಕಿಕೊಂಡಿರಲೇಬೇಕೆಂದು ಅಲ್ಲಿನ ಕಾನೂನು. ಉಳಿದವರಿಗೂ ಆಳಿಗೊಂದರಂತೆ ದೋಣಿಯಲ್ಲಿರಬೇಕು. “ಅವಳಿಗೊಂದು ನ್ಯಾಯ, ನಮಗೊಂದು ನ್ಯಾಯವೇ?” ಎಂದು ಅಜ್ಜಿ ಸೀರೆಯ ಮೇಲೇ ತೊಟ್ಟುಕೊಂಡರು. ಆಮೇಲೆ ಯಾರೂ ತಕರಾರು ಮಾಡಲಿಲ್ಲ. ಇನ್ನೊಂದು ನಿಯಮವನ್ನು ಮಕ್ಕಳು ನೆನಪಿಡಬೇಕು. ದೋಣಿ ಓಡುವಾಗ ಕಟಕಟೆಯ ಆಚೆ, ಮುಂಭಾಗದಲ್ಲಿ ಕಾಲು ಇಳಿಬಿಟ್ಟು ಕೂರಲೇಬಾರದು. ಬಿದ್ದರೆ ದೋಣಿ ನಮ್ಮ ಮೇಲೇ ಹಾಯುತ್ತದೆ, ಹಿಂದೆ ಎಂಜಿನ್ನಿನ ಚಕ್ರ ತಿರುಗುತ್ತಿರುತ್ತದೆ. ಎಲ್ಲರೂ ಒಮ್ಮೆಲೇ ಮುಂದಕ್ಕೆ ಓಡುವುದೂ ಬೇಡ, ಮೂತಿ ನೀರಿಗೆ ಬಾಗುತ್ತದೆ.

ಕೊಲ್ಲಿಯಿಂದ ಕೊಲ್ಲಿಗೆ ಹೋಗುವ ಕಿರಿದಾದ ಕಾಲುವೆಗಳಲ್ಲಿ ಅಲೆ ಏಳದಂತೆ ಮೆಲ್ಲಗೆ ಸಾಗಬೇಕು. ನಮಗೂ ಬೇಕಾಗಿದ್ದದ್ದು ಅದೇ. ದಡದ ಜೊಂಡಿನಲ್ಲಿ ಬೂದು ನೀಲಿ ಬಣ್ಣದ ದೊಡ್ಡ ಕೊಕ್ಕರೆಯೊಂದು ಒಂಟಿಕಾಲಲ್ಲಿ ನಿಂತಿತ್ತು. ಬಾತುಗಳು ಮರಿಗಳ ಮೆರವಣಿಗೆ ಹೊರಡಿಸಿದ್ದವು. ಎಂಜಿನ್ ನಿಲ್ಲಿಸಿ ಲಂಗರು ಬಿಟ್ಟು ಚಿತ್ರಾನ್ನ ತಿಂದೆವು. ತೀರ್ಥಹಳ್ಳಿಯ ತುಂಗಾ ಹೊಳೆಯಲ್ಲಿ ತಾವು ಚಿಕ್ಕವರಿದ್ದಾಗ ದೋಣಿ ದಾಟಿ ಶಾಲೆಗೆ ಹೋಗುತ್ತಿದ್ದುದನ್ನು ಅಜ್ಜಿ ಹೇಳತೊಡಗಿದರು. ಎಂಜಿನ್ ಬಗ್ಗೆ ಜಗಳವಾಡಿದ್ದ ಮೊಮ್ಮಗ “ಆಮೇಲೆ? ಮಳೆಗಾಲದಲ್ಲಿ ಏನು ಮಾಡ್ತಿದ್ರಿ?” ಎಂದು ಕೇಳುತ್ತ ಪಕ್ಕಕ್ಕೆ ಸರಿದು ಕುಳಿತ. ಎದುರುಬದುರು ಕೂತು ಮಾತಾಡಲು ಬರುವುದೇ ಈ ದೋಣಿಯ ದೊಡ್ಡ ಗುಣ. ಅದಕ್ಕೆ ಅಶ್ವಶಕ್ತಿ ಬೇಕಿಲ್ಲ.

ಸ್ವಂತ ದೋಣಿಯವರಿಗೆ ದಡಕ್ಕೆ ಬಂದ ಮೇಲೂ ಕೆಲಸವಿದೆ. ಜೀಬ್ರಾ ಮಸಲ್ ಎಂಬ ಪಟ್ಟೆಪಟ್ಟೆಯ ಪುಟ್ಟ ಚಿಪ್ಪುಜೀವಿ ದೋಣಿಗಳಿಗೆ ಅಂಟಿಕೊಂಡು ಸರೋವರದಿಂದ ಸರೋವರಕ್ಕೆ ಹರಡಿ ಹಾವಳಿ ಮಾಡುತ್ತದೆ. ಅದಕ್ಕೇ ಗಿಡಗಂಟಿ ತೆಗೆದು, ನೀರೆಲ್ಲ ಬಸಿದು, ಒಣಗಿಸಿದ ಮೇಲೆಯೇ ದೋಣಿಯನ್ನು ಇನ್ನೊಂದು ಸರೋವರಕ್ಕೆ ಒಯ್ಯಬೇಕು.

ಈಗ ಮಕ್ಕಳಿಗೊಂದು ಕೆಲಸ. ಎರಡು ಖಾಲಿ ನೀರಿನ ಬಾಟಲಿಗಳ ಮುಚ್ಚಳ ಬಿಗಿ ಮಾಡಿ. ಒಂದು ಬಾಟಲಿಯನ್ನು ಬಕೆಟ್ಟಿನ ನೀರಿನಲ್ಲಿ ತೇಲಿಬಿಟ್ಟು, ಮೇಲೆ ಒಂದು ನಾಣ್ಯ ನಿಲ್ಲಿಸಲು ನೋಡಿ. ಬಾಟಲಿ ಉರುಳುತ್ತದೆ. ಆಮೇಲೆ ಎರಡನ್ನೂ ಒಂದು ಗೇಣು ಅಂತರದಲ್ಲಿಟ್ಟು, ಮೇಲೆ ರಟ್ಟಿನ ತುಂಡು ಕಟ್ಟಿ, ನಾಣ್ಯಗಳನ್ನು ಒಂದೊಂದಾಗಿ ಜೋಡಿಸಿ. ನಡುವೆ ಇಟ್ಟರೆ ಎಷ್ಟು ನಿಲ್ಲುತ್ತವೆ, ಒಂದೇ ಮೂಲೆಗಿಟ್ಟರೆ ಎಷ್ಟು? ಎಣಿಸಿ ಬರೆದಿಡಿ. ನಾಣ್ಯ ಜೋಡಿಸುವಾಗ ಅಜ್ಜ ಅಜ್ಜಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅವರು ಚಿಕ್ಕವರಿದ್ದಾಗ ಯಾವ ಹೊಳೆ ದಾಟಿದ್ದರು ಎಂದು ಕೇಳಿ.